ಇಳಿಯುವ ಕಾಲಿಗೆ ಬೂಟು



ಬೇಸಿಗೆ ಏರುತ್ತಿದ್ದಂತೆ ದೆಹಲಿಯ ಆರ್.ಕೆ.ಪುರಂನ ಕನ್ನಡಿಗರ ಮನೆಗಳಲ್ಲಿ ಬೆಟ್ಟದ ಮಾತು ಶುರುವಾಗುತ್ತದೆ. ಸರ್ಕಾರಿ ಕ್ವಾರ್ಟರ್ಸ್‌ಗಳ ಈ ಬಡಾವಣೆಗೆ ಹಿಮಾಲಯದ ಅಂಚು ಒಂದು ರಾತ್ರಿಯ ಬಸ್ ಪ್ರಯಾಣದಷ್ಟೇ ದೂರ. ಇಲ್ಲಿನ ಸೆಕ್ಟರ್ 12ರಲ್ಲಿ, ರಾವ್ ತುಲಾರಾಂ ಮಾರ್ಗದಲ್ಲಿ, ದೆಹಲಿ ಕರ್ನಾಟಕ ಸಂಘವಿದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಬೆನಿಟೊ ಹುವಾರೆಜ್ ಮಾರ್ಗದಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನವಿದೆ. ಊರಿನಿಂದ ಬಂದ ಬಂಧುಗಳು ಕೇದಾರಕ್ಕೆ ಹೊರಡುತ್ತಾರೆ. ಮಕ್ಕಳು ಹಂಪ್ಟಾ ಕಣಿವೆಗೋ ತುಂಗನಾಥಕ್ಕೋ ಹೊರಡುತ್ತಾರೆ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲ್‌ರ ಪದವಿ ವೀರಶೈವ ಪರಂಪರೆಯದು. ಹಾಗಾಗಿ ಕರ್ನಾಟಕದ ಎಷ್ಟೋ ಮನೆಗಳಿಗೆ ಕೇದಾರ ಹತ್ತಿರದ ಕ್ಷೇತ್ರವೇ ಆಗಿದೆ. ಹೊರಡುವ ಪ್ರತಿಯೊಬ್ಬರೂ ಕೇಳುವ ಮೊದಲ ಪ್ರಶ್ನೆ: ಕಾಲಿಗೆ ಏನು ಹಾಕಿಕೊಳ್ಳಲಿ?

ಈ ಪ್ರಶ್ನೆಗೆ ಹೆಚ್ಚಿನವರು ಅಂಗಡಿಯಲ್ಲಿ ಉತ್ತರ ಹುಡುಕುತ್ತಾರೆ. ಬಣ್ಣ, ಬೆಲೆ, ಕಂಪನಿಯ ಹೆಸರು ನೋಡಿ, ಸಮತಟ್ಟಾದ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಹಣ ಕೊಟ್ಟು ಬರುತ್ತಾರೆ. ಬೆಟ್ಟದ ಬೂಟು ಆರಿಸುವ ವಿದ್ಯೆ ಬಹಳ ಹಳೆಯದು, ಅದನ್ನು ಕಟ್ಟಿದವರು ಬೇಟೆಗಾರರು. ದಾರಿ ಬಿಟ್ಟು ನಡೆಯಬೇಕಾದವರು ಅವರು. ಕಲ್ಲುಸಂದಿ, ಹಿಮ, ಹುಲ್ಲಿನ ಜಾರು, ಎಲ್ಲಿ ಪ್ರಾಣಿ ಹೋಯಿತೋ ಅಲ್ಲಿಗೆ ಅವರ ಕಾಲು ಹೋಗಬೇಕಿತ್ತು.

1991ರಲ್ಲಿ ಇಟಲಿ ಮತ್ತು ಆಸ್ಟ್ರಿಯಾ ಗಡಿಯ ಆಲ್ಪ್ಸ್ ಪರ್ವತದಲ್ಲಿ, 3,200 ಮೀಟರ್‌ಗೂ ಹೆಚ್ಚಿನ ಎತ್ತರದ ಹಿಮದೊಳಗೆ, ಸುಮಾರು 5,300 ವರ್ಷ ಹಿಂದಿನ ಮನುಷ್ಯನ ದೇಹ ಸಿಕ್ಕಿತು. ಸಂಶೋಧಕರು ಅವನನ್ನು ಓಟ್ಸಿ ಎಂದು ಕರೆದರು. ಬಿಲ್ಲು ಬಾಣಗಳು ಅವನ ಜೊತೆಗಿದ್ದವು. ಅವನ ಪಾದರಕ್ಷೆಯ ಅಟ್ಟೆ ಕರಡಿಯ ಚರ್ಮದ್ದು, ಮೇಲ್ಭಾಗ ಜಿಂಕೆಯ ಚರ್ಮದ್ದು. ಒಳಗೆ ಮರದ ನಾರಿನ ಬಲೆ ಹೆಣೆದು, ಬೆಚ್ಚಗಿರಲೆಂದು ಒಣಹುಲ್ಲು ತುಂಬಿದ್ದರು. ಅಟ್ಟೆಯ ಅಡಿಯಲ್ಲಿ ಕಾಲು ಜಾರದಂತೆ ಅಡ್ಡಲಾಗಿ ಚರ್ಮದ ಪಟ್ಟಿಯಿತ್ತು. ಗಟ್ಟಿ ಅಟ್ಟೆ, ಮೆತ್ತನೆಯ ಮೇಲ್ಭಾಗ, ಬೆಚ್ಚನೆಯ ಒಳಪದರ, ನೆಲ ಹಿಡಿಯುವ ಏಣು: ಇಂದಿನ ಬೂಟಿನ ನಾಲ್ಕೂ ಅಂಗಗಳು ಅಲ್ಲಿಯೇ ಇದ್ದವು.

ನಮ್ಮ ಹಿಮಾಲಯದಲ್ಲೂ ಇದೇ ಜಾಣತನ ಬೇರೆ ರೂಪದಲ್ಲಿತ್ತು. ಕಾಶ್ಮೀರದ ಶಿಕಾರಿಗಳು ಭತ್ತದ ಹುಲ್ಲನ್ನು ಹೆಣೆದ ಪುಲ್‌ಹೋರ್ ಹಾಕಿಕೊಂಡು ಕಲ್ಲುಬಂಡೆಗಳ ಮೇಲೆ ಕಾಡುಮೇಕೆಯ ಬೆನ್ನು ಹತ್ತುತ್ತಿದ್ದರು. ಮೊಳೆ ಹೊಡೆದ ಭಾರದ ಬೂಟು ತೊಟ್ಟು ಬಂದ ಬ್ರಿಟಿಷ್ ಅಧಿಕಾರಿಗಳಲ್ಲಿ ಅನೇಕರು ಒರಟು ಬಂಡೆ ಸಿಕ್ಕ ಕಡೆ ಬೂಟು ಕಳಚಿ ಈ ಹುಲ್ಲಿನ ಪಾದರಕ್ಷೆಯನ್ನೇ ಕಟ್ಟಿಕೊಳ್ಳುತ್ತಿದ್ದರು. ಅದು ಬೇಗ ಸವೆಯುತ್ತದೆ, ಆದರೆ ಬಂಡೆಯನ್ನು ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ. ಕುಲ್ಲು ಕಡೆ ಸೆಣಬಿನಂಥ ನಾರಿನಿಂದ ಹೆಣೆದ ಪೂಲಾ, ಲಡಾಖಿನಲ್ಲಿ ಉಣ್ಣೆಯ ಪಾಬು ಇದ್ದವು. ಪೂರ್ಣಚಂದ್ರ ತೇಜಸ್ವಿಯವರ ಅನುವಾದದಿಂದ ಕನ್ನಡಿಗರಿಗೆ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆ ಮನೆಮಾತು. ಕೇದಾರದ ದಾರಿಯಲ್ಲೇ ಇರುವ ಆ ಊರಿನ ಸುತ್ತ ಅಲೆದು 1926ರಲ್ಲಿ ಚಿರತೆಯನ್ನು ಕೊಂದ ಜಿಮ್ ಕಾರ್ಬೆಟ್, ಕಾಡಿನಲ್ಲಿ ತೆಳು ರಬ್ಬರ್ ಅಟ್ಟೆಯ ಷೂ ಹಾಕಿ ಸದ್ದಿಲ್ಲದೆ ನಡೆಯುವುದನ್ನು ರೂಢಿಸಿಕೊಂಡಿದ್ದವರು. ಪ್ರತಿಯೊಬ್ಬರೂ ತಾವು ತುಳಿಯುವ ನೆಲ ನೋಡಿ ಪಾದರಕ್ಷೆ ಆರಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ. ಇಂದು ಆ ಇಳಿಜಾರುಗಳಲ್ಲಿ ಪ್ರಾಣಿಯ ಹೆಜ್ಜೆ ಹಿಡಿದು ನಡೆಯುವವರು ಅರಣ್ಯ ಸಿಬ್ಬಂದಿ ಮತ್ತು ಸಂಶೋಧಕರು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಸ್ಪಿತಿಯ ಕಿಬ್ಬರ್ ಸುತ್ತಲ ಬೆಟ್ಟಗಳಲ್ಲಿ ಹಿಮಚಿರತೆಯನ್ನೂ ಅದರ ಆಹಾರವಾದ ಭರಲ್ ಎಂಬ ನೀಲಿ ಕುರಿಯನ್ನೂ ವರ್ಷಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. 2019ರಿಂದ 2023ರವರೆಗೆ ನಡೆದ ದೇಶದ ಮೊದಲ ಹಿಮಚಿರತೆ ಗಣತಿ 718 ಪ್ರಾಣಿಗಳ ಅಂದಾಜು ಕೊಟ್ಟಿತು. ಆ ಗಣತಿಗಾಗಿ 13,450 ಕಿಲೋಮೀಟರ್ ಜಾಡುಗಳನ್ನು ಹುಡುಕಿದ್ದರು. ಅಷ್ಟು ದೂರವನ್ನು ಮನುಷ್ಯರ ಕಾಲುಗಳು ಕಲ್ಲು, ಹಿಮಗಳ ಮೇಲೆ ಕ್ರಮಿಸಿವೆ.

ಬೇಟೆಗಾರರ ಅನುಭವದಲ್ಲಿ ಒಂದು ಮುಖ್ಯ ಸೂತ್ರ ಅಡಗಿದೆ. ಬೂಟನ್ನು ಹತ್ತುವುದಕ್ಕಾಗಿ ಆರಿಸಬೇಡಿ, ಇಳಿಯುವುದಕ್ಕಾಗಿ ಆರಿಸಿ. ಬೇಟೆಗಾರ ಹಗುರವಾಗಿ ಹತ್ತಿ ಭಾರ ಹೊತ್ತು ಇಳಿಯುತ್ತಿದ್ದ. ಸಂಜೆಯ ಮಬ್ಬು, ದಣಿದ ತೊಡೆ, ಬೆನ್ನ ಮೇಲೆ ಮಾಂಸದ ಹೊರೆ. ಅವನ ಬೂಟು ಪರೀಕ್ಷೆಗೆ ಒಳಗಾಗುತ್ತಿದ್ದುದು ಆ ಹೊತ್ತಿನಲ್ಲಿ. ನಮ್ಮ ಯಾತ್ರಿಕರಿಗೂ ಇದೇ ಮಾತು ಸಲ್ಲುತ್ತದೆ. ಗೌರಿಕುಂಡದಿಂದ ಕೇದಾರನಾಥಕ್ಕೆ ಸುಮಾರು 16 ಕಿಲೋಮೀಟರ್ ಕಾಲುದಾರಿ, 3,583 ಮೀಟರ್ ಎತ್ತರದ ಗುಡಿಯವರೆಗೆ ಸುಮಾರು 1,600 ಮೀಟರ್ ಏರು. ಹತ್ತುವಾಗ ಉಸಿರು ಕಷ್ಟಪಡುತ್ತದೆ, ನಿಂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಪ್ರತಿ ಹೆಜ್ಜೆಗೂ ಪಾದ ಬೂಟಿನೊಳಗೆ ಮುಂದಕ್ಕೆ ಜಾರುತ್ತದೆ, ಬೆರಳತುದಿ ಮುಂಗೋಡೆಗೆ ಬಡಿಯುತ್ತದೆ, ದೇಹದ ಭಾರವನ್ನೆಲ್ಲ ಮೊಣಕಾಲು ತಡೆಯಬೇಕಾಗುತ್ತದೆ. ಉಗುರು ಕಪ್ಪಾಗುವುದು, ಕಣಕಾಲು ಉಳುಕುವುದು, ಕಾಲು ಜಾರಿ ಬೀಳುವುದು, ಇವು ಹೆಚ್ಚಾಗಿ ಇಳಿಯುವಾಗಿನ ಕಷ್ಟಗಳು.

ಆದ್ದರಿಂದ ಅಳತೆಯ ಮಾತು ಮೊದಲು. ಸಂಜೆ ಹೊತ್ತು ಅಂಗಡಿಗೆ ಹೋಗಿ. ದಿನವಿಡೀ ನಿಂತು ನಡೆದ ಪಾದ ಬೆಳಗಿನ ಪಾದಕ್ಕಿಂತ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೆಯೇ ಊದುತ್ತದೆ. ಬೆಟ್ಟದಲ್ಲಿ ಹಾಕಿಕೊಳ್ಳುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎರಡೂ ಪಾದಗಳನ್ನು ಅಳೆಯಿಸಿ, ದೊಡ್ಡ ಪಾದಕ್ಕೆ ತಕ್ಕ ಬೂಟು ಕೊಳ್ಳಿ. ಲೇಸ್ ಬಿಗಿಯದೆ ಬೆರಳುಗಳನ್ನು ಮುಂದಕ್ಕೆ ತಾಗಿಸಿ ನಿಂತರೆ ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಸರಾಗವಾಗಿ ಇಳಿಯಬೇಕು. ಆಮೇಲೆ ಲೇಸ್ ಬಿಗಿದು ಇಳಿಜಾರಿನಲ್ಲಿ ನಡೆಯಿರಿ. ಒಳ್ಳೆಯ ಅಂಗಡಿಗಳಲ್ಲಿ ಇದಕ್ಕಾಗಿ ಓರೆಯಾದ ಹಲಗೆ ಇರುತ್ತದೆ. ಇಲ್ಲವಾದರೆ ಅಂಗಡಿಯವರನ್ನು ಕೇಳಿಕೊಂಡು ಹತ್ತಿರದ ಯಾವುದಾದರೂ ರ‍್ಯಾಂಪ್‌ನಲ್ಲಿ ಇಳಿದು ನೋಡಿ. ಇಳಿಯುವಾಗ ಬೆರಳು ಮುಂದೆ ತಾಗಿದರೆ ಆ ಜೋಡಿ ಬೇಡ. ಹತ್ತುವಾಗ ಹಿಮ್ಮಡಿ ಮೇಲೆದ್ದು ಉಜ್ಜಿದರೂ ಬೇಡ. ಬಳಸುತ್ತ ಸಡಿಲವಾಗುತ್ತದೆ ಎಂಬ ಭರವಸೆಯನ್ನು ನಂಬಬೇಡಿ. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗಬಹುದು, ಉದ್ದಕ್ಕೆ ಹಿಗ್ಗುವುದಿಲ್ಲ.

ಅಗಲದ ವಿಷಯದಲ್ಲಿ ನಮ್ಮವರು ಇನ್ನಷ್ಟು ಎಚ್ಚರ ವಹಿಸಬೇಕು. ನಮ್ಮಲ್ಲಿ ಸಿಗುವ ಒಳ್ಳೆಯ ಬೂಟುಗಳಲ್ಲಿ ಹಲವು ಯೂರೋಪಿನ ಪಾದದ ಅಚ್ಚಿನ ಮೇಲೆ ಕಟ್ಟಿದಂಥವು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲವೆಂದು ಕಂಡುಕೊಂಡಿತು. ಅದರ ಆಧಾರದ ಮೇಲೆ 'ಭ' ಎಂಬ ಭಾರತೀಯ ಅಳತೆಯ ಕ್ರಮವನ್ನೂ ರೂಪಿಸಿತು. ಚಪ್ಪಲಿಯಲ್ಲಿ, ಬರಿಗಾಲಲ್ಲಿ ಬೆಳೆದ ನಮ್ಮ ಪಾದದ ಮುಂಭಾಗ ಅಗಲವಾಗಿ ಹರಡಿರುತ್ತದೆ. ಅಗಲ ಸಾಲದೆಂದು ಒಂದು ನಂಬರ್ ದೊಡ್ಡದು ಕೊಂಡರೆ ಹಿಮ್ಮಡಿ ಸಡಿಲವಾಗಿ ಬೊಬ್ಬೆ ಏಳುತ್ತದೆ. ಅಗಲದ ಅಚ್ಚಿನ ಬೂಟು ಇದೆಯೇ ಎಂದು ಕೇಳಿ ಪಡೆಯುವುದೇ ಸರಿ. ಬಿಗಿ ಬೂಟಿನ ತೊಂದರೆ ನೋವಿಗೆ ನಿಲ್ಲುವುದಿಲ್ಲ. ಬಿಗಿದ ಪಾದಕ್ಕೆ ರಕ್ತ ಸರಿಯಾಗಿ ಹರಿಯದು; ಹಿಮದಲ್ಲಿ ಅಂಥ ಪಾದವೇ ಮೊದಲು ಮರಗಟ್ಟುತ್ತದೆ. 1950ರಲ್ಲಿ ಅನ್ನಪೂರ್ಣ ಶಿಖರವನ್ನು ಮೊದಲು ಏರಿದ ಮೋರಿಸ್ ಹರ್ಜೋಗ್ ಮತ್ತು ಲೂಯಿ ಲಾಷ್ನಾಲ್ ಇಬ್ಬರೂ ಹಿಮಕಡಿತದಿಂದ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಂಡರು. ಎತ್ತರದ ಚಳಿ ಪಾದವನ್ನು ಏನು ಮಾಡಬಲ್ಲದು ಎಂಬುದಕ್ಕೆ ಅವರು ತೆತ್ತ ಬೆಲೆಯೇ ಸಾಕ್ಷಿ.

ಇನ್ನು ಅಟ್ಟೆಯ ಬಿಗಿತ. ಬೂಟಿನ ತುದಿ ಮತ್ತು ಹಿಮ್ಮಡಿಯನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ, ತಿರುಚಿ ನೋಡಿ. ಜರ್ಮನಿಯ ಮೈಂಡಲ್ ಕಂಪನಿ ಬೂಟುಗಳನ್ನು ಎ, ಬಿ, ಸಿ, ಡಿ ಎಂಬ ದರ್ಜೆಗಳಲ್ಲಿ ಜೋಡಿಸಿತು. ಎ ಎಂದರೆ ಸುಲಭವಾಗಿ ಬಗ್ಗುವ ನಡಿಗೆಯ ಬೂಟು, ಬಿ ಚಾರಣಕ್ಕೆ, ಸಿ ಹಿಮ ಮತ್ತು ಕಡಿದಾದ ಇಳಿಜಾರಿಗೆ, ಡಿ ಹಿಮಗೋಡೆ ಹತ್ತುವವರಿಗೆ. ಆಲ್ಪ್ಸ್‌ನ ಬೇಟೆಗಾರರು ಬಿ ಮತ್ತು ಸಿ ನಡುವಿನದನ್ನು ಹೆಚ್ಚಾಗಿ ಆರಿಸುತ್ತಾರೆ. ದಾರಿಯಿಲ್ಲದ ಓರೆ ನೆಲದಲ್ಲಿ ಅಟ್ಟೆಯ ಅಂಚನ್ನೇ ಊರಿ ಭಾರ ಹೊತ್ತು ನಿಲ್ಲಬೇಕಾದವರು ಅವರು. ಹೆಜ್ಜೆದಾರಿ ಇರುವ ಕೇದಾರ, ತುಂಗನಾಥ, ಹೇಮಕುಂಡಗಳಿಗೆ ಅಷ್ಟು ಬಿಗಿ ಬೇಕಿಲ್ಲ. ಎ ಮತ್ತು ಬಿ ನಡುವಿನ ದರ್ಜೆ ಸಾಕು, ಹೆಗಲಿಗೆ ಹೊರೆ ಇದ್ದರೆ ಬಿ. ಹಿಮದ ಮೇಲೆ ನಡೆಯುವ ಚಳಿಗಾಲದ ಕೇದಾರಕಂಠದಂಥ ಚಾರಣಕ್ಕೆ ಬಿ ದರ್ಜೆಯ ಬೂಟು ಮತ್ತು ಅದರ ಮೇಲೆ ಬಿಗಿಯುವ ಚಿಕ್ಕ ಉಕ್ಕಿನ ಮುಳ್ಳುಗಳು ಸಾಕಾಗುತ್ತವೆ.

ತೂಕವನ್ನೂ ಮರೆಯಬಾರದು. ಕಾಲಿನ ಒಂದು ಕಿಲೋ ಬೆನ್ನಿನ ಐದು ಕಿಲೋಗೆ ಸಮ ಎಂಬುದು ಆರೋಹಿಗಳ ಹಳೆಯ ಮಾತು. ಭಾರದ ಬೂಟು ತೊಟ್ಟವರ ಶಕ್ತಿವ್ಯಯವನ್ನು ಅಳೆದ ಪ್ರಯೋಗಗಳೂ ಈ ಮಾತಿಗೆ ಹತ್ತಿರದ ಫಲಿತಾಂಶವನ್ನೇ ಕೊಟ್ಟಿವೆ. ಪ್ರತಿ ಹೆಜ್ಜೆಗೂ ಆ ತೂಕವನ್ನು ಎತ್ತಿ ಮುಂದಿಡಬೇಕಲ್ಲ. ಆದ್ದರಿಂದ ಎತ್ತರ, ಗಟ್ಟಿತನ ಹೆಚ್ಚಿದಷ್ಟೂ ಒಳ್ಳೆಯದು ಎಂದು ಭಾವಿಸಬೇಡಿ. ಕಣಕಾಲನ್ನು ಮುಚ್ಚುವ ಎತ್ತರ ಯಾತ್ರೆಗೂ ಚಾರಣಕ್ಕೂ ಸಾಕು. ಅದಕ್ಕಿಂತ ಮೇಲೇರಿದ ಬೇಟೆಯ ಬೂಟು ದಿನಗಟ್ಟಲೆ ಹೊರೆ ಹೊರುವವರಿಗೆ, ದಾರಿ ಬಿಟ್ಟು ನಡೆಯುವವರಿಗೆ.

ನೆಲ ಹಿಡಿಯುವ ರಬ್ಬರ್ ಅಟ್ಟೆಯ ಹಿಂದೆ ಒಂದು ದುಃಖದ ಕಥೆಯಿದೆ. 1935ರಲ್ಲಿ ಆಲ್ಪ್ಸ್‌ನ ರಾಸಿಕಾ ಶಿಖರದಲ್ಲಿ ಹವೆ ಕೆಟ್ಟು ಇಟಲಿಯ ಆರು ಆರೋಹಿಗಳು ಸತ್ತರು. ಬಂಡೆ ಹತ್ತಲು ಅವರು ತೆಳು ಪಾದರಕ್ಷೆಗೆ ಬದಲಿಸಿಕೊಂಡಿದ್ದರು. ಹಿಮಗಾಳಿಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ಜೊತೆಗಾರರನ್ನು ಕಳೆದುಕೊಂಡ ವಿತಾಲೆ ಬ್ರಮಾನಿ, ಬಂಡೆಗೂ ಹಿಮಕ್ಕೂ ಒದಗುವ ಏಣುಗಳುಳ್ಳ ರಬ್ಬರ್ ಅಟ್ಟೆಯನ್ನು ಪಿರೆಲ್ಲಿ ಕಂಪನಿಯ ನೆರವಿನಿಂದ ರೂಪಿಸಿ 1937ರಲ್ಲಿ ಪೇಟೆಂಟ್ ಪಡೆದರು. ಅವರ ಹೆಸರಿನಿಂದಲೇ ವೈಬ್ರಮ್ ಎಂಬ ಹೆಸರು ಬಂತು. 1954ರಲ್ಲಿ ಕೆ2 ಶಿಖರವನ್ನು ಮೊದಲು ತುಳಿದ ಇಟಲಿಯವರ ಬೂಟಿಗೂ ಅದೇ ಅಟ್ಟೆ. ಕೊಳ್ಳುವಾಗ ಅಟ್ಟೆಯ ಏಣುಗಳು ಆಳವಾಗಿವೆಯೇ, ಅವುಗಳ ನಡುವೆ ಕೆಸರು ಉದುರುವಷ್ಟು ಜಾಗವಿದೆಯೇ, ಹಿಮ್ಮಡಿಯ ಬಳಿ ಇಳಿಜಾರಿನಲ್ಲಿ ತಡೆಹಾಕುವ ಮೆಟ್ಟಿಲಿನಂಥ ಅಂಚಿದೆಯೇ ನೋಡಿ. ಒದ್ದೆ ಟೈಲ್ಸ್ ಮೇಲೆ ನಿಂತು ಹಿಡಿತ ಪರೀಕ್ಷಿಸಿ. ತುಂಬ ಗಟ್ಟಿಯಾದ ರಬ್ಬರ್ ಬಹಳ ಕಾಲ ಬಾಳುತ್ತದೆ, ಒದ್ದೆ ಬಂಡೆಯ ಮೇಲೆ ಮಾತ್ರ ಜಾರುತ್ತದೆ.

ನೀರು ತಡೆಯುವ ಪದರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಿಮದಲ್ಲಿ, ಚಳಿಯ ತೊರೆಗಳಲ್ಲಿ ಗೋರ್‌ಟೆಕ್ಸ್‌ನಂಥ ಪದರ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಮಳೆಗಾಲದಲ್ಲಿ ಊರಿಗೆ ಹೋಗಿ ಕುಮಾರ ಪರ್ವತವನ್ನೋ ಕುದುರೆಮುಖವನ್ನೋ ಹತ್ತುವವರಿಗೆ ಅದು ಭಾರವೇ. ಮಲೆನಾಡಿನ ಮಳೆಯಲ್ಲಿ ನೀರು ಪ್ಯಾಂಟಿನಿಂದ ಇಳಿದು ಬೂಟಿನ ಬಾಯಿಯಿಂದಲೇ ಒಳಗೆ ಸೇರುತ್ತದೆ. ಹೊರಗಿನ ನೀರನ್ನು ತಡೆಯುವ ಪದರ ಒಳಗಿನ ನೀರನ್ನೂ ಹಿಡಿದಿಡುತ್ತದೆ. ಅಲ್ಲಿ ಬೇಗ ನೀರು ಬಸಿದು ಒಣಗುವ ಹಗುರ ಷೂ, ಮೊಣಕಾಲವರೆಗೆ ಇಂಬಳ ತಡೆಯುವ ಬಟ್ಟೆಯ ಚೀಲ ಸರಿಯಾದ ಜೋಡಿ. ಹಿಮಾಲಯಕ್ಕೆ ಕೊಂಡ ಬೂಟು ಸಹ್ಯಾದ್ರಿಯ ಆಷಾಢಕ್ಕೆ ಒಗ್ಗುವುದಿಲ್ಲ.

ದೆಹಲಿಯವರಿಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಸಂಗತಿ ಬೂಟಿನ ವಯಸ್ಸು. ಅನೇಕ ಬೂಟುಗಳಲ್ಲಿ ಅಟ್ಟೆಗೂ ಪಾದಕ್ಕೂ ನಡುವೆ ಪಾಲಿಯುರೆಥೇನ್ ಎಂಬ ಮೆತ್ತೆ ಇರುತ್ತದೆ. ಗಾಳಿಯ ತೇವ ಮತ್ತು ಶಾಖ ಸೇರಿ ಅದನ್ನು ಒಳಗೊಳಗೇ ಒಡೆಯುತ್ತವೆ. ಬಳಸದೆ ಇಟ್ಟರೂ ಕೆಲವು ವರ್ಷಗಳಲ್ಲಿ ಅದು ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕ್ವಾರ್ಟರ್ಸಿನ ಅಟ್ಟದ ಮೇಲೆ ದೆಹಲಿಯ ಮೇ ತಿಂಗಳ ಬಿಸಿಲು, ಆಗಸ್ಟಿನ ತೇವ ಎರಡನ್ನೂ ಉಂಡ ಬೂಟು ಹೊರನೋಟಕ್ಕೆ ಹೊಸದರಂತೆ ಕಾಣುತ್ತದೆ. ಬೆಟ್ಟದ ಮೊದಲ ದಿನವೇ ಅಟ್ಟೆ ಕಳಚಿ ಬೀಳುತ್ತದೆ. ಹೊರಡುವ ವಾರಗಳ ಮೊದಲೇ ಅಟ್ಟದ ಬೂಟು ಕೆಳಗಿಳಿಸಿ, ಹೆಬ್ಬೆರಳಿನಿಂದ ಆ ಮೆತ್ತೆಯನ್ನು ಬಲವಾಗಿ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ, ಅದನ್ನು ಬೆಟ್ಟಕ್ಕೆ ಒಯ್ಯಬೇಡಿ. ಅಂಗಡಿಯಲ್ಲಿ ದೊಡ್ಡ ರಿಯಾಯಿತಿಗೆ ಸಿಗುವ ಹಳೆಯ ದಾಸ್ತಾನನ್ನೂ ತಯಾರಾದ ವರ್ಷ ಕೇಳಿಯೇ ಕೊಳ್ಳಿ.

ಕೊಂಡ ಬೂಟನ್ನು ಕಾಲಿಗೆ ಒಗ್ಗಿಸಿಕೊಳ್ಳಲು ಆರ್.ಕೆ.ಪುರಂ ಒಳ್ಳೆಯ ಜಾಗ. ಮೊದಲು ಮನೆಯೊಳಗೆ, ನಂತರ ಕ್ವಾರ್ಟರ್ಸಿನ ಮೆಟ್ಟಿಲುಗಳಲ್ಲಿ, ಆಮೇಲೆ ಸಂಜಯ ವನದ ಕಾಲುದಾರಿಗಳಲ್ಲಿ ನಡೆಯಿರಿ. ಅರಾವಳಿಯ ಹಳೆಯ ಕಲ್ಲು ಅಲ್ಲಿ ನೆಲದ ಮೇಲೆಯೇ ಇದೆ. ಬೆನ್ನಿಗೆ ನೀರಿನ ಬಾಟಲಿಗಳ ಹೊರೆ ಹಾಕಿಕೊಂಡು, ಇಳಿಯುವ ಅಭ್ಯಾಸವನ್ನೇ ಹೆಚ್ಚು ಮಾಡಿ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಡುತ್ತದೆ. ತೇವ, ಬಿಸಿ, ಉಜ್ಜುವಿಕೆ ಮೂರೂ ಸೇರಿದಲ್ಲಿ ಬೊಬ್ಬೆ ಏಳುತ್ತದೆ. ಉಣ್ಣೆಯದನ್ನು ಹಾಕಿ, ಒಳಗೆ ತೆಳುವಾದ ಇನ್ನೊಂದು ಜೊತೆ ಇದ್ದರೆ ಇನ್ನೂ ಒಳಿತು. ಎಲ್ಲಾದರೂ ಬಿಸಿಯಾದಂತೆ ಅನಿಸಿದ ಕೂಡಲೇ ನಿಂತು ಅಲ್ಲಿಗೆ ಪಟ್ಟಿ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಅಂಟಿಸಿ ಪ್ರಯೋಜನ ಕಡಿಮೆ. ಉಗುರು ಕತ್ತರಿಸಿಕೊಳ್ಳಿ. ಹತ್ತುವಾಗ ಕಣಕಾಲಿನ ಬಳಿ ಲೇಸ್ ಸ್ವಲ್ಪ ಸಡಿಲವಿರಲಿ, ಇಳಿಯಲು ಶುರುಮಾಡುವ ಮೊದಲು ಕೂತು ಮತ್ತೆ ಬಿಗಿಯಾಗಿ ಕಟ್ಟಿ, ಹಿಮ್ಮಡಿ ಹಿಂದಕ್ಕೆ ಕೂರುವಂತೆ. ಒದ್ದೆಯಾದ ಬೂಟನ್ನು ಬೆಂಕಿಯ ಹತ್ತಿರ ಇಡಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಒಳಗೆ ಪತ್ರಿಕೆಯ ಹಾಳೆ ತುರುಕಿ ನೆರಳಲ್ಲಿ ಒಣಗಿಸಿ.

ಕೇಳುಗ ಬಂಧುಗಳೇ, ಕೊನೆಯದಾಗಿ ಒಂದು ಮಾತು. ಭಾರ ಹೊತ್ತು ಇಳಿಯುವವನಿಗೇ ಅತ್ಯುತ್ತಮ ಬೂಟು ಬೇಕು ಎಂದು ಬೇಟೆಗಾರರ ಅನುಭವ ಹೇಳುತ್ತದೆ. ನಮ್ಮ ಬೆಟ್ಟಗಳಲ್ಲಿ ಇದು ತಿರುವುಮುರುವಾಗಿದೆ. ಕೇದಾರದ ದಾರಿಯಲ್ಲಿ ಬೆತ್ತದ ಬುಟ್ಟಿಯಲ್ಲಿ ಮನುಷ್ಯರನ್ನೇ ಬೆನ್ನ ಮೇಲೆ ಹೊರುವವರು, ಹೇಸರಗತ್ತೆಗಳ ಜೊತೆ ದಿನವಿಡೀ ಹತ್ತಿ ಇಳಿಯುವ ಹುಡುಗರು, ಚಾರಣದ ಗುಡಾರ ಮತ್ತು ಪಾತ್ರೆಗಳನ್ನು ಹೊತ್ತು ನಮಗಿಂತ ಮೊದಲೇ ತಂಗುದಾಣ ಸೇರುವ ಕೂಲಿಗಳು, ಇವರಲ್ಲಿ ಎಷ್ಟೋ ಜನರ ಕಾಲಲ್ಲಿ ಸವೆದ ಕ್ಯಾನ್ವಾಸ್ ಷೂ ಅಥವಾ ರಬ್ಬರ್ ಚಪ್ಪಲಿ ಇರುತ್ತದೆ. ಹೊರೆ ಇಲ್ಲದ ನಮ್ಮ ಕಾಲಲ್ಲಿ ಸಾವಿರಾರು ರೂಪಾಯಿಯ ಬೂಟು ಇರುತ್ತದೆ. ಇದು ನ್ಯಾಯವಲ್ಲ. ಒಬ್ಬ ಕೂಲಿಯ ಕಾಲು ಜಾರಿದರೆ ಅವನ ಮನೆಯ ಇಡೀ ಋತುವಿನ ದುಡಿಮೆ ಹೋಗುತ್ತದೆ.

ಆದ್ದರಿಂದ ಈ ಬೇಸಿಗೆಯಲ್ಲಿ ಹಿಮಾಲಯಕ್ಕೆ ಹೊರಡುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ. ಇಳಿಯುವ ದಾರಿಯನ್ನು ನೆನೆದು ನಿಮ್ಮ ಬೂಟು ಆರಿಸಿ. ಚಾರಣ ಏರ್ಪಡಿಸುವವರಿಗೆ ಹಣ ಕಟ್ಟುವ ಮೊದಲು, ನಿಮ್ಮ ಹೊರೆ ಹೊರುವವರಿಗೆ ಬೂಟು ಮತ್ತು ಉಣ್ಣೆಯ ಕಾಲುಚೀಲ ಕೊಡುತ್ತೀರಾ ಎಂದು ನೇರವಾಗಿ ಕೇಳಿ. ಇಲ್ಲವೆಂದರೆ ಕೊಡಿಸಿ ಎಂದು ಒತ್ತಾಯಿಸಿ, ಅಗತ್ಯವಿದ್ದರೆ ಖರ್ಚಿನಲ್ಲಿ ಪಾಲು ಹಾಕಿ. ನಿಮ್ಮ ಮಕ್ಕಳ ಕಾಲು ಬೆಳೆದು ಚಿಕ್ಕದಾದ, ಇನ್ನೂ ಗಟ್ಟಿಯಿರುವ ಬೂಟುಗಳನ್ನು ಅಟ್ಟದ ಮೇಲೆ ಹಾಳಾಗಲು ಬಿಡದೆ, ಮುಂದಿನ ಪ್ರಯಾಣದಲ್ಲಿ ಒಯ್ದು ಬೆಟ್ಟದ ಊರಿನ ಮಕ್ಕಳಿಗೆ ಕೊಟ್ಟು ಬನ್ನಿ. ಎಲ್ಲರೂ ಸುಖವಾಗಿ ಹತ್ತಿ, ಸುರಕ್ಷಿತವಾಗಿ ಇಳಿಯಲಿ.